ಬ್ಯಾನರಿನ ಮೇಲೆ ಅಮ್ಮ

ಮನೆಯಿಂದ, ಅಡುಗೆಮನೆಯ ಮೇಜು
ಶನಿವಾರ, ಮಾರ್ಚ್ ೯

ಪ್ರೀತಿಯ ತಮ್ಮಾ,

ಒಂದು ವಿಷಯವನ್ನು ನಿನಗೆ ಹೇಳದೆಯೇ ಇದ್ದುಬಿಡೋಣ ಎಂದು ಹೆಚ್ಚುಕಡಿಮೆ ತೀರ್ಮಾನ ಮಾಡಿದ್ದೆ. ಹೇಳಿದರೆ ನಿನಗೆ ನೋವಾಗುತ್ತದೆ. ಹೇಳದಿದ್ದರೆ ಒಂದು ಸುಳ್ಳು ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುತ್ತದೆ. ಹಾಗಾಗಿ ಬರೆಯಲು ಕುಳಿತಿದ್ದೇನೆ. ಅದಿರಲಿ, ನಿನ್ನ ಗಂಟಲು ಹೇಗಿದೆ? ಅಮ್ಮನೂ ನಾನೂ ನಿನ್ನ ಸಭೆಯ ಆರಾಧನೆಗೆ ಬಂದಿದ್ದಾಗ ಕಟ್ಟಿಹೋಗಿತ್ತು. ಬಿಸಿನೀರು ಕುಡಿ, ಒಂದು ದಿನವಾದರೂ ಮೈಕು ಮುಟ್ಟಬೇಡ. ನಿನ್ನ ಹೆಂಡತಿಯ ಸೊಂಟನೋವು ಕಡಿಮೆಯಾಯಿತೇ? ಇಲ್ಲಿ ಅಮ್ಮ ಗಟ್ಟಿಯಾಗಿದ್ದಾಳೆ. ಮೆಟ್ಟಿಲು ಕಂಡರೆ ಮಾತ್ರ ಅವಳ ಮಂಡಿಗೆ ಸಿಟ್ಟು ಬರುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮೂರು ವಾರದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಎತ್ತಿದರೂ ನಡುವೆ ಒಂದು ಹಲ್ಲೆಲೂಯಾ ಹಾಕುತ್ತೀಯ, ಅಷ್ಟಕ್ಕೇ ನಾನು ಹೇಳಬೇಕಾದದ್ದು ಮರೆತುಹೋಗುತ್ತದೆ. ಅಪ್ಪ ನಿನ್ನನ್ನು ಡಂಗುರ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಸಭೆಯ ಹೊಸ ಪ್ರಾರ್ಥನಾಮಂದಿರದ ಉದ್ಘಾಟನೆಗೆ ಮಾಡಿಸುತ್ತಿರುವ ಬ್ಯಾನರಿನ ಮಾದರಿ ಕಳಿಸಿದ್ದೀಯಲ್ಲ, ಅದರಲ್ಲಿ ಅಮ್ಮನ ಮುಖವೇ ದೊಡ್ಡದು. ಕಣ್ಣು ಮುಚ್ಚಿದೆ, ಗದ್ದ ಸ್ವಲ್ಪ ಮೇಲೆದ್ದಿದೆ, ಕೆನ್ನೆಯ ಮೇಲೆ ಒಂದು ಹನಿ. ಕೆಳಗೆ ನೀನು ಬರೆಸಿದ್ದೀಯ: ‘ಆರಾಧನೆಯ ನಡುವೆ ಪವಿತ್ರಾತ್ಮನು ಈ ತಾಯಿಯನ್ನು ಮುಟ್ಟಿದ ಕ್ಷಣ.’ ತಮ್ಮಾ, ಆ ಕ್ಷಣದಲ್ಲಿ ಅಮ್ಮನ ಕಿವಿಯ ಮೆಷಿನ್ ಆಫ್ ಆಗಿತ್ತು. ನಾನು ಪಕ್ಕದಲ್ಲೇ ಇದ್ದೆ. ನೀನು ಮೊದಲ ಹಾಡು ಎತ್ತಿಕೊಂಡೆ, ಡ್ರಮ್ಮಿನವನು ಶುರು ಮಾಡಿದ, ಅಮ್ಮ ಕೂದಲು ಸರಿಮಾಡಿಕೊಳ್ಳುವವಳ ಹಾಗೆ ಕಿವಿಯ ಹಿಂದೆ ಬೆರಳು ಹಾಕಿದಳು. ಆಮೇಲೆ ಅವಳ ಮುಖ ತಿಳಿಯಾಯಿತು. ನೀನು ಬೆವರಿಳಿಸಿಕೊಂಡು ವೇದಿಕೆಯಿಂದ ಇಳಿದು ಬಂದು, ‘ಹೇಗಿತ್ತಮ್ಮಾ?’ ಅಂದೆ. ಅವಳು ನಿನ್ನ ಹಣೆ ಒರೆಸಿ ನಕ್ಕಳು. ನೀನು ಮೈಕು ಹಿಡಿದು, ‘ನಮ್ಮ ತಾಯಿಗೆ ಮಾತೇ ಹೊರಡ್ತಿಲ್ಲ, ನೋಡಿ!’ ಎಂದು ಸಾರಿದೆ. ಅಷ್ಟೂ ಜನ ಎದ್ದು ನಿಂತು ಸ್ತೋತ್ರ ಹೇಳಿದರು. ನಾನು ನಗು ತಡೆಯಲಾಗದೆ ಬಗ್ಗಿ ಚಪ್ಪಲಿ ಹುಡುಕಿದೆ. ನಾನೂ ಅಳುತ್ತಿದ್ದೇನೆಂದು ಹಿಂದಿನ ಸಾಲಿನ ಹೆಂಗಸು ಬೆನ್ನು ಸವರಿದಳು.

ಅಲ್ಲಿಗೇ ನಿಂತಿದ್ದರೆ ಇದು ನಮ್ಮ ಮನೆಯ ತಮಾಷೆಯಾಗಿ ಉಳಿಯುತ್ತಿತ್ತು. ಆದರೆ ನೀನು ಅಮ್ಮನಿಗೆ ಫೋನ್ ಮಾಡಿ, ಉದ್ಘಾಟನೆಯ ದಿನ ವೇದಿಕೆ ಹತ್ತಿ ದೇವರು ತನ್ನನ್ನು ಮುಟ್ಟಿದ್ದಕ್ಕೆ ಸಾಕ್ಷಿ ಹೇಳಲು ಕೇಳಿದೆ. ಅವಳು, ‘ನಂಗೆ ಅದೆಲ್ಲ ಬರಲ್ಲ ಕಣೋ’ ಅಂದಳು. ಅದಕ್ಕೆ ನೀನು ಅಂದ ಮಾತು ನೆನಪಿದೆಯೇ? ‘ಬಾಯಿ ಬಿಟ್ಟು ಒಂದು ಸಲ ಹೇಳಕ್ಕಾಗದೆ ಇರೋದು ಎಂಥ ವಿಶ್ವಾಸಮ್ಮಾ?’ ಫೋನ್ ಇಟ್ಟ ಮೇಲೆ ಅಮ್ಮ ಪಾತ್ರೆ ತೊಳೆಯಲು ಹೋದಳು. ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ನಿನ್ನ ಪ್ರಶ್ನೆ ನನ್ನ ತಲೆಯಲ್ಲೂ ಸುತ್ತುತ್ತಿದೆ, ಸುಳ್ಳು ಹೇಳುವುದಿಲ್ಲ. ನನ್ನ ವಿಷಯದಲ್ಲಿ ಅದಕ್ಕೆ ಉತ್ತರವಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಸಾಲಾಗಿ ನಿಂತು ಬಾಯಿಪಾಠ ಮಾಡಿದ ಪ್ರಾರ್ಥನೆಗಳೇ ಇವತ್ತಿಗೂ ನನ್ನ ಬಾಯಿಗೆ ಬರುವುದು. ಅವು ನನ್ನವೋ, ಆ ಶಾಲೆಯವೋ ಗೊತ್ತಿಲ್ಲ. ಲ್ಯಾಬಿನಲ್ಲಿ ಯಾರದೋ ರಕ್ತದ ವರದಿ ಕೆಟ್ಟದಾಗಿ ಬಂದರೆ ಅದಕ್ಕೆ ಸಹಿ ಹಾಕುವ ಮೊದಲು ಒಂದು ಗಳಿಗೆ ಪೆನ್ನು ಕೆಳಗಿಡುತ್ತೇನೆ, ನನ್ನ ಪ್ರಾರ್ಥನೆ ಅಷ್ಟೇ. ಇದು ಶಾಂತ ವಿಶ್ವಾಸವೋ, ಬರೀ ಸಂಕೋಚವೋ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ನಿನ್ನ ಗದ್ದಲವನ್ನು ಹಗುರ ಮಾಡುವ ಯೋಗ್ಯತೆಯೂ ನನಗಿಲ್ಲ. ಕುಡಿದು ಬೀದಿಯಲ್ಲಿ ಬಿದ್ದಿರುತ್ತಿದ್ದ ಆ ಬಣ್ಣ ಬಳಿಯುವವನು ನಿನ್ನ ಸಭೆ ಸೇರಿದ ಮೇಲೆ ಮತ್ತೆ ಏಣಿ ಹತ್ತಿದ್ದಾನೆ. ನಮ್ಮ ಚರ್ಚಿನಲ್ಲಿ ನಾವು ಅವನಿಗಾಗಿ ಮೆಲ್ಲಗೆ ಮರುಗಿದೆವು, ಅಷ್ಟೇ. ಕೈಹಿಡಿದು ಎಬ್ಬಿಸಿದವನು ನೀನು. ಅದನ್ನು ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ.

ಆದರೆ ಅಮ್ಮನ ವಿಷಯದಲ್ಲಿ ನಿನಗೆ ಉತ್ತರವಿದೆ. ಗುರುವಾರ ನೋಡಿ ಬಂದೆ. ಟೈಪಿಂಗ್ ಶಾಲೆಯ ಕೆಲಸ ಬಿಟ್ಟ ಮೇಲೆ ಅವಳು ಪ್ರತಿ ಗುರುವಾರ ಆಸ್ಪತ್ರೆಗೆ ಹೋಗುತ್ತಾಳೆ ಎಂಬುದು ನಮ್ಮಿಬ್ಬರಿಗೂ ಗೊತ್ತು. ಯಾರನ್ನೋ ಮಾತಾಡಿಸಿ ಬರುತ್ತಾಳೆ ಎಂದುಕೊಂಡಿದ್ದೆವು. ಈ ಸಲ ಅವಳಿಗೆ ಮಂಡಿ ನೋವೆಂದು ನಾನೇ ರಜೆ ಹಾಕಿ ಕರೆದುಕೊಂಡು ಹೋದೆ. ಹಾಸಿಗೆ ಹಿಡಿದ ಮುದುಕರ ವಾರ್ಡ್ ಅದು. ಅಮ್ಮ ಒಂದು ಬೇಸಿನ್ನಿನಲ್ಲಿ ಬೆಚ್ಚಗಿನ ನೀರು, ಹೆಗಲ ಮೇಲೆ ಟವೆಲ್, ಕೈಯಲ್ಲಿ ನೇಲ್ ಕಟರ್ ಹಿಡಿದು ಒಂದೊಂದೇ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂರುತ್ತಾಳೆ. ಅವರ ಉಗುರು ತೆಗೆಯುತ್ತಾಳೆ. ಕೈಯದು, ಕಾಲಿನದು. ಕಾಲಿನ ಉಗುರುಗಳನ್ನು ನೀನು ನೋಡಬೇಕಿತ್ತು, ಮರದ ತೊಗಟೆಯ ಹಾಗಿದ್ದವು. ‘ನೋವಾದ್ರೆ ಬೈದುಬಿಡಿ, ಒಳಗೆ ಇಟ್ಕೋಬೇಡಿ’ ಎಂದು ಎಲ್ಲರಿಗೂ ಹೇಳುತ್ತಾಳೆ. ಕೆಲವರು ಮನಸಾರೆ ಬೈಯುತ್ತಾರೆ.

ಕಿಟಕಿಯ ಪಕ್ಕದಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್. ಅಮ್ಮನನ್ನು ಕಂಡ ಕೂಡಲೇ, ‘ಏನಮ್ಮಾ, ಇವತ್ತಾದ್ರೂ ಸ್ವರ್ಗಕ್ಕೆ ಟಿಕೆಟ್ ಕೊಡ್ತೀರಾ?’ ಎಂದು ರೇಗಿಸಿದರು. ಅಮ್ಮ ಕನ್ನಡಕ ಏರಿಸಿಕೊಂಡು, ‘ಟಿಕೆಟ್ ಕೊಡೋದು ನಿಮ್ಮ ಕೆಲ್ಸ. ನಂದು ಉಗುರು. ಕೈ ಕೊಡಿ ಈ ಕಡೆ’ ಅಂದಳು. ಅವಳು ಮುಂದಿನ ಮಂಚಕ್ಕೆ ಹೋದ ಮೇಲೆ ಅವರು ನನ್ನನ್ನು ಹತ್ತಿರ ಕರೆದರು. ‘ನಿಮ್ಮ ತಾಯಿ ಉಗುರು ತೆಗೆದಾದ ಮೇಲೆ ಸ್ವಲ್ಪ ಹೊತ್ತು ಕೈ ಹಾಗೇ ಹಿಡ್ಕೊಂಡಿರ್ತಾರೆ. ಏನೂ ಕೇಳಲ್ಲ, ಏನೂ ಹೇಳಲ್ಲ. ನಾನು ದೇವರನ್ನ ನಂಬೋನಲ್ಲಮ್ಮ. ಆದ್ರೆ ಅಷ್ಟು ಹೊತ್ತು ಮಾತ್ರ ಬಾಯಿ ಮುಚ್ಕೊಂಡಿರ್ತೀನಿ.’

ಹೆಮ್ಮೆಪಡುವುದು ಒಳ್ಳೆಯದಲ್ಲ ಎಂದು ಕಲಿತು ಬೆಳೆದವರು ನಾವು. ಆದರೂ ಆ ವಾರ್ಡಿನ ನಡುವೆ ಬೇಸಿನ್ ಹಿಡಿದು ನಿಂತಾಗ ನನ್ನ ಎದೆ ತುಂಬಿಬಂತು. ಇವಳು ನಮ್ಮಮ್ಮ ಎಂದು ಯಾರೂ ಕೇಳದಿದ್ದರೂ ಹೇಳಬೇಕೆನಿಸಿತು. ಹೇಳಿಯೂ ಬಿಟ್ಟೆ, ನರ್ಸಿಗೆ. ಅವಳು, ‘ಗೊತ್ತು ಮೇಡಂ, ಸ್ವಲ್ಪ ದಾರಿ ಬಿಡಿ’ ಅಂದಳು.

ಬ್ಯಾನರನ್ನು ಅಮ್ಮನಿಗೆ ತೋರಿಸಿದೆ. ‘ನನ್ನ ಮೂಗು ಇಷ್ಟು ದಪ್ಪಾನಾ?’ ಎಂದು ಮೊದಲು ನಕ್ಕಳು. ನಾನು ಕೆಳಗಿನ ಸಾಲನ್ನು ಓದಿದ ಮೇಲೆ ನಗಲಿಲ್ಲ. ‘ತೆಗೆಸು ಅಂತ ಹೇಳು. ಆಗದೆ ಇದ್ದದ್ದನ್ನ ಆಯ್ತು ಅಂತ ದೇವರ ಹೆಸರಲ್ಲಿ ಹಾಕಬಾರದು’ ಅಂದಳು. ಹಾಗಾದರೆ ಆ ಕಣ್ಣೀರು ಯಾತಕ್ಕೆ ಬಂತು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ನಮ್ಮ ಮನೆಯಲ್ಲಿ ಅಂಥದ್ದನ್ನು ಯಾರೂ ಯಾರನ್ನೂ ಕೇಳುವುದಿಲ್ಲವಲ್ಲ.

ಮಕ್ಕಳಿಗೆ ನನ್ನ ಮುತ್ತು, ನಿನ್ನ ಹೆಂಡತಿಗೆ ನೆನಪುಗಳು. ದೇವರು ನಿನ್ನ ದನಿಯನ್ನೂ ಅದರ ಹಿಂದಿರುವ ಮನಸ್ಸನ್ನೂ ಕಾಯಲಿ.

ನಿನ್ನ
ಅಕ್ಕ

ಮರೆತ ಮಾತು: ಭಾನುವಾರ. ಚರ್ಚಿನಿಂದ ಬಂದು ಬಟ್ಟೆ ಒಣಗಿಸುವಾಗ ಧೈರ್ಯಮಾಡಿ ಆ ಕಣ್ಣೀರಿನ ವಿಷಯ ಕೇಳಿಬಿಟ್ಟೆ. ಅಮ್ಮ ನನ್ನ ಕಡೆ ತಿರುಗದೆ, ಕ್ಲಿಪ್ ಹಾಕುತ್ತಲೇ ಹೇಳಿದಳು: ‘ಅವನಿಗೋಸ್ಕರ ಬೇಡ್ಕೊಳ್ತಿದ್ದೆ ಕಣೆ. ಅಷ್ಟೊಂದು ಜನ ಅವನನ್ನೇ ನೋಡ್ತಿದ್ರು. ನನ್ನ ಮಗನ ಕಾಲು ಜಾರದೆ ಇರ್ಲಿ ಅಂತ. ಆ ಸದ್ದಲ್ಲಿ ನಾನು ಮನಸ್ಸಲ್ಲಿ ಹೇಳ್ತಿದ್ದ ಅವನ ಹೆಸರು ನಂಗೇ ಕೇಳ್ತಿರಲಿಲ್ಲ, ಅದಕ್ಕೇ ಮೆಷಿನ್ ಆಫ್ ಮಾಡ್ದೆ.’ ನೀನು ಚಿಕ್ಕವನಿದ್ದಾಗಿನಿಂದ ದಿನವೂ ಬೇಡಿಕೊಳ್ಳುತ್ತಾಳಂತೆ. ಇದನ್ನು ನಿನಗೆ ಹೇಳಕೂಡದು ಎಂದೂ ಅಂದಳು. ಹೇಳಿದ್ದೇನೆ. ಆ ಚಿತ್ರ ಬ್ಯಾನರಿಗೆ ಬೇಡ, ತಮ್ಮಾ. ನಿನ್ನ ಕೋಣೆಯಲ್ಲಿ ಇಟ್ಟುಕೋ, ಅದು ನಿನ್ನದು. ಉದ್ಘಾಟನೆಗೆ ಇಬ್ಬರೂ ಬರುತ್ತೇವೆ. ವೇದಿಕೆ ಬೇಡವಂತೆ, ಸ್ಪೀಕರಿನಿಂದ ದೂರ ಗೋಡೆಯ ಪಕ್ಕ ಒಂದು ಕುರ್ಚಿ ಸಾಕಂತೆ. ನೀನು ಮಾತಾಡುವಾಗ ಮೆಷಿನ್ ಆನ್ ಮಾಡುತ್ತಾಳಂತೆ. ಅಚ್ಚಿಗೆ ಹೋಗುವ ಮೊದಲು ನಿನ್ನ ಕೈಸೇರಲಿ ಎಂದು ನಾಳೆ ಲ್ಯಾಬಿಗೆ ಹೋಗುವ ದಾರಿಯಲ್ಲೇ ಇದನ್ನು ಅಂಚೆಗೆ ಹಾಕುತ್ತೇನೆ, ಸೋಮವಾರ, ಮಾರ್ಚ್ ೧೧.