ಅಡಾ ಕೊಟ್ಟ ವಿಳಾಸ

ಓ ಇವರೇ,

ನೀವಿದ್ದಾಗ ಕಾಗದ ಬರೆದವಳಲ್ಲ ನಾನು. ಒಂದೇ ಸೂರಿನಡಿ ಇದ್ದವರಿಗೆ ಕಾಗದ ಎಂಥದ್ದು? ಈಗ ಬಹ್ರೇನಿನ ಗುದೈಬಿಯಾ ಬಡಾವಣೆಯ ಈ ಫ್ಲ್ಯಾಟಿನಲ್ಲಿ ಎ.ಸಿ.ಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕ್ಲಿನಿಕ್ಕಿನಿಂದ ಬಂದು ಚಪ್ಪಲಿ ಬಿಟ್ಟ ಕೂಡಲೇ "ಇವತ್ತು ಎಂತಾಯ್ತು ಗೊತ್ತುಂಟಾ" ಎಂದು ಬಾಯಿ ತೆರೆಯುತ್ತೇನೆ. ಆಮೇಲೆ...

ಅಡಾಳನ್ನು ನೀವು ಮೊದಲ ಸಲ ಮನೆಗೆ ಕರೆತಂದ ಶುಕ್ರವಾರ ನೆನಪಿದೆಯಾ? ನೈಜೀರಿಯಾದಲ್ಲಿ ಹುಟ್ಟಿ ಬಹ್ರೇನಿನ ಪರವಾಗಿ ಓಡುವ ಹುಡುಗಿ ಅವಳು, ಆ ತಂಡಕ್ಕೆ ಮಸಾಜು ಮಾಡುವವರು ನೀವು. "ಇವಳ ಮೀನಖಂಡ ಕಲ್ಲಾಗಿದೆ ಮಾರಾಯ್ತಿ. ಮನೆ ನೆನಪಾಗಿ ಊಟವೇ ಬಿಟ್ಟಿದ್ದಾಳೆ. ಸ್ವಲ್ಪ ಮೀನು ಸಾರು ಬಡಿಸು" ಎಂದಿರಿ. ಆ ಪುಣ್ಯಾತ್ಗಿತ್ತಿ ಎರಡು ತುತ್ತು ಉಂಡು "ಖಾರ ಸಾಲದು ಆಂಟಿ" ಎನ್ನಬೇಕೇ! ಕುಂದಾಪುರದವಳ ಎದುರು! ನೀವು ನೆತ್ತಿಗೆ ಹತ್ತುವಷ್ಟು ನಕ್ಕಿರಿ.

ನಾನೂರು ಮೀಟರಿನಲ್ಲಿ ಅವಳು ಚಿನ್ನ ಗೆದ್ದಾಗ ಟೀವಿ ಮುಂದೆ ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಓಡಿ ಬಂದಿದ್ದರು. ಹೆಗಲ ಮೇಲೆ ಕೆಂಪು ಬಿಳಿ ಬಾವುಟ ಹೊದ್ದು ಎಷ್ಟು ಚೆಂದ ಕಾಣುತ್ತಿದ್ದಳು! ಅವಳ ಊರಿನವರು ಮಾತ್ರ "ದೇಶ ಮಾರಿಕೊಂಡವಳು" ಎಂದು ಮೊಬೈಲಿಗೆ ಬರೆದು ಕಳಿಸಿದರಂತೆ. ಇಲ್ಲಿ ಮನಾಮಾದ ಸೂಕ್ ಪೇಟೆಯಲ್ಲಿ ನಡೆದರೆ ಅವಳ ಗುರುತು ಹಿಡಿಯುವವರಿಲ್ಲ. ಪದಕ ಬ್ಯಾಗಿನಲ್ಲಿಟ್ಟುಕೊಂಡು ಬಂದು ನಮ್ಮ ಸೋಫಾದ ಮೇಲೆ ಮುದುಡಿ ಮಲಗಿದವಳು ಸಂಜೆಯವರೆಗೂ ಏಳಲಿಲ್ಲ. ಗೆದ್ದವರಿಗೂ ಇಷ್ಟೊಂದು ಒಂಟಿತನ ಇರುತ್ತದೆಯೇ?

ಅವಳ ತೊಡೆಯ ಸ್ನಾಯು ಹರಿದಾಗ ತಂಡದವರು ಅವಳನ್ನು ರಿಲೇಗೂ ಬೇಡವೆಂದರು. ನೀವೊಬ್ಬರೇ "ಇವಳು ಇನ್ನೂ ಓಡ್ತಾಳೆ, ಬೇಕಾದ್ರೆ ನೋಡು" ಎನ್ನುತ್ತಾ ದಿನವೂ ಆ ಕಾಲು ತಿಕ್ಕಿದಿರಿ. ಅವಳು ಮತ್ತೆ ಟ್ರ್ಯಾಕಿಗೆ ಇಳಿಯುವ ಹೊತ್ತಿಗೆ ನೀವು ಆಸ್ಪತ್ರೆ ಸೇರಿದಿರಿ.

ನೀವು ಹೋದ ಬೆಳಿಗ್ಗೆ ಅವಳು ನನ್ನ ಪಕ್ಕದಲ್ಲೇ ಇದ್ದಳು. ಅದು ನಿಮಗೆ ತಿಳಿಯಲಿಲ್ಲ ಅಲ್ಲವೇ? ಉದ್ದೀಪನ ಮದ್ದಿನ ಪರೀಕ್ಷೆಯವರ ಕಾಟ ನಿಮಗೆ ಗೊತ್ತಿದ್ದದ್ದೇ. ದಿನಕ್ಕೆ ಒಂದು ಗಂಟೆ ಎಲ್ಲಿರುತ್ತೇನೆ ಎಂದು ಓಟಗಾರರು ಮೊದಲೇ ತಿಳಿಸಬೇಕು, ಅವರು ಹೇಳದೆ ಬರುತ್ತಾರೆ, ಆಗ ಸಿಗದೆ ಹೋದರೆ ತಪ್ಪು. ಅವಳು ಬರೆದಿದ್ದದ್ದು ತಂಡದ ಕ್ಯಾಂಪಿನ ಕೋಣೆ, ಕೂತಿದ್ದದ್ದು ನಿಮ್ಮ ಕಾಲ ಬುಡದಲ್ಲಿ. ಅದು ಅವಳ ಎರಡನೇ ತಪ್ಪಾಯಿತು. ಮೂರಾದರೆ ಓಟಕ್ಕೇ ನಿಷೇಧ, ಅವಳ ವಯಸ್ಸಿಗೆ ಆಮೇಲೆ ಏನು ಉಳಿಯುತ್ತದೆ?

ಆದರೂ ದಿನವೂ ಸಂಜೆ ಇಲ್ಲಿಗೇ ಬರುತ್ತಿದ್ದಳು. ಕತ್ತಲಾದ ಮೇಲೆ ಕ್ಯಾಂಪಿಗೆ ಹೋಗು ಎಂದು ಬೈದು ಕಳಿಸುತ್ತಿದ್ದೆ. "ಅಲ್ಲೂ ನಾನು ಒಬ್ಬಳೇ ಆಂಟಿ" ಎಂದು ಗೊಣಗುತ್ತಾ ಹೋಗುತ್ತಿದ್ದಳು. ನಿನ್ನೆ ಮಾತ್ರ ಏನು ಮಾಡಿದರೂ ಹೊರಡಲಿಲ್ಲ, ನಿಮ್ಮ ಮಂಚದಲ್ಲೇ ಮಲಗಿಬಿಟ್ಟಳು. ಊರಿನಿಂದ ನನ್ನ ತಮ್ಮನದು ದಿನಕ್ಕೊಂದು ಫೋನು: "ಅಲ್ಲಿ ಇನ್ನು ಯಾರಿದ್ದಾರೆ ಅಕ್ಕ ನಿಂಗೆ? ಬಂದುಬಿಡು." ನನಗೂ ಸರಿ ಎನ್ನಿಸಿ ಟಿಕೆಟ್ಟು ಮಾಡಿಸಿದ್ದೆ.

ಇವತ್ತು ಬೆಳಿಗ್ಗೆ ಯಾರೋ ಕರೆಗಂಟೆ ಒತ್ತಿದರು. ಕೊರಳಲ್ಲಿ ಕಾರ್ಡು ಹಾಕಿದ ಇಬ್ಬರು ಹೆಂಗಸರು ಅಡಾಳ ಹೆಸರು ಹೇಳಿದರು. ಮದ್ದಿನ ಪರೀಕ್ಷೆಯವರು! ಕ್ಯಾಂಪಿನಲ್ಲಿ ಇರಬೇಕಾದವಳು ಇಲ್ಲಿದ್ದಾಳೆ, ಇವಳ ಕತೆ ಮುಗಿಯಿತು ಎಂದುಕೊಂಡೆ. ಇಲ್ಲಿ ಇಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಅವಳೇ ಕಣ್ಣುಜ್ಜಿಕೊಂಡು ಬಂದಳು. "ಇನ್ನು ಮೇಲೆ ಈ ವಿಳಾಸವೇ ಆಂಟಿ, ಬರೆದು ಕಳಿಸಿಯಾಯಿತು. ನಿಮ್ಮನ್ನು ಕೇಳಿದ್ದರೆ ಬೇಡ ಅಂತಿದ್ರಿ." ಪರೀಕ್ಷೆ ಸುಸೂತ್ರವಾಗಿ ಮುಗಿಯಿತು. ಮುಂದಿನ ತಿಂಗಳು ನಾನೂರು ಮೀಟರಿಗೆ ಅವಳ ಹೆಸರು ಬಂದಿದೆ, ಕೇಳಿಸಿತೇ?

ಅವರು ಹೋದ ಮೇಲೆ ತಮ್ಮನಿಗೆ ಫೋನು ಮಾಡಿದೆ. "ಈಗ ಬರಲಿಕ್ಕಾಗುದಿಲ್ಲ ಮಾರಾಯ, ಬೆಳಿಗ್ಗೆ ಬಾಗಿಲು ತೆಗೀಲಿಕ್ಕುಂಟು" ಎಂದೆ.

ನಿಮ್ಮವಳು