ಆಯುಧಪೂಜೆಗೆ ಮುಂಚೆ ಉಜ್ಜಿದ ಹೆಡ್ಡು

ಉಕ್ಕುನಗರಂ, ವಿಶಾಖಪಟ್ಟಣ
18-11-1993

ಚಿರಂಜೀವಿ ದಿನಕರನಿಗೆ,

ಅಣ್ಣನ ಆಶೀರ್ವಾದ. ಇಲ್ಲಿ ನಾನೂ ನಿನ್ನ ಅತ್ತಿಗೆ ಹೈಮಾವತಿಯೂ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದಿರುವುದು ನೀನು ಕಳಿಸಿದ ಮೋಟಾರ್ ಸೈಕಲ್ಲಿನ ಸಿಲಿಂಡರ್ ಹೆಡ್ಡು ಮಾತ್ರ. ದುವ್ವಾಡ ಸ್ಟೇಷನ್ನಿನಿಂದ ಪಾರ್ಸೆಲ್ ತಂದು ಮೂರು ವಾರವಾಯಿತು. ತಡವಾದದ್ದಕ್ಕೆ ಕ್ಷಮಿಸು. ಬಿಚ್ಚಿ ನೋಡಿದ ದಿನವೇ ಬರೆದಿದ್ದರೆ ಅಂಚೆಯವರು ಮುಟ್ಟುವಂಥ ಪತ್ರವಾಗಿರುತ್ತಿರಲಿಲ್ಲ.

ಬಿಚ್ಚಿದಾಗ ಮೊದಲು ಕಂಡದ್ದು ಕುಂಕುಮ. ಇಂಜಿನ್ನು ಉಸಿರೆಳೆದುಕೊಳ್ಳುವ ಇನ್‌ಟೇಕ್ ಪೋರ್ಟಿನ ಬಾಯಿಗೇ ಅರಿಸಿನ ಕುಂಕುಮ ಮೆತ್ತಿದ್ದೀಯಲ್ಲೋ ಮಹರಾಯ! ಹೈಮಾವತಿ ಅದನ್ನು ನೋಡಿ, "ನಿಮ್ಮ ತಮ್ಮ ಅವರೂರ ದುರ್ಗಮ್ಮನ ಪ್ರಸಾದ ಕಳ್ಸಿದಾರೇನ್ರೀ?" ಎಂದು ಕಣ್ಣಿಗೊತ್ತಿಕೊಂಡಳು. ಪ್ರಸಾದವಲ್ಲ, ಶ್ರಾದ್ಧ ಎಂದೆ.

"ಆಯುಧಪೂಜೆಗೆ ಇಟ್ಟ ಮೇಲೆ ಸಾಮಾನು ಮುಟ್ಟುವ ಹಾಗಿಲ್ಲ, ಅದಕ್ಕೇ ಹಿಂದಿನ ದಿನ ಕೂತಕೂತಲ್ಲೇ ಮುಗಿಸಿಬಿಟ್ಟೆ" ಎಂದು ಹೆಮ್ಮೆಯಿಂದ ಬರೆದಿದ್ದೀಯ. ಎಂಟು ಭಾನುವಾರದ ಕೆಲಸ ಕಣೋ ಅದು! ದುರ್ಗಮ್ಮ ತಾಯಿ ಬೇಗ ಮಾಡು ಅಂದಿದ್ದಳೇ? ಕಟ್ಟಿಕೊಂಡ ಹೆಂಡತಿ ಕಮಲಾಕ್ಷಿಯ ಅಡುಗೆ ಕಟ್ಟೆಯ ಮೇಲೆ ಇಟ್ಟುಕೊಂಡು ಉಜ್ಜಿದೆಯಂತೆ, ಪುಡಿ ಬಿದ್ದು ಪಾಪ ಅವಳು ರಾಗಿಹಿಟ್ಟನ್ನೆಲ್ಲ ಚೆಲ್ಲಬೇಕಾಯಿತಂತೆ. ನಿನಗೆ ಅಲ್ಯೂಮಿನಿಯಂ ಪುಡಿಯ ಮುದ್ದೆಯನ್ನೇ ಬಡಿಸಬೇಕಿತ್ತು.

ಗುರುಗಳು ಯಾರೋ ನಿಮ್ಮೂರ ಒನ್ ಟೌನಿನ ಸೂರ್ಯಪ್ರಕಾಶನಂತೆ. ಗ್ರೈಂಡರ್ ಬಾಡಿಗೆಗೆ ಕೊಡುವವನು. "ಎಂತ ತೀಸ್ತೆ ಅಂತ ಪವರ್ ಸಾರ್" ಅಂದನಂತೆ. ಎಷ್ಟು ಕೆರೆದರೆ ಅಷ್ಟು ಶಕ್ತಿಯಂತೆ! ಬ್ಯಾಂಕಿನ ಕುರ್ಚಿಯಲ್ಲಿ ಕೂತು ಯಾರನ್ನೂ ನಂಬದ ನೀನು ಅವನನ್ನು ನಂಬಿದೆ. ಪೋರ್ಟಿಂಗ್ ಅಂದರೆ ತೂತು ದೊಡ್ಡದು ಮಾಡುವುದಲ್ಲ, ಗಾಳಿಯ ದಾರಿಯಲ್ಲಿರುವ ಉಬ್ಬುತಗ್ಗು ತೆಗೆಯುವುದು. ವಾಲ್ವ್ ಆಡುವ ಗೈಡಿನ ಸುತ್ತ ಒಂದಿಷ್ಟು, ತಿರುವಿನಲ್ಲಿ ಒಂದಿಷ್ಟು, ಅಷ್ಟೇ. ನೀನು ಹಲಸಿನಹಣ್ಣು ಬಿಡಿಸಿದ ಹಾಗೆ ಬಿಡಿಸಿದ್ದೀಯ. ಅದರ ಮೇಲೆ ಪೂಜೆಯ ತಂಬಿಗೆಗೆ ಮಾಡುವಂತೆ ಇನ್‌ಟೇಕನ್ನು ಥಳಥಳ ಬೆಳಗಿದ್ದೀಯ. ಅಲ್ಲಿ ಸ್ವಲ್ಪ ಒರಟು ಇದ್ದರೇ ಪೆಟ್ರೋಲು ಗಾಳಿಯಲ್ಲಿ ಬೆರೆಯುವುದು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೀಯ.

ಇವೆಲ್ಲ ಹೋಗಲಿ. ಕೆರೆಯುವಾಗ ವಾಲ್ವ್ ಕೂರುವ ಸೀಟಿನ ಮೇಲೆ ಒಂದು ಹಳೇ ವಾಲ್ವ್ ಕೂರಿಸಿಕೊಳ್ಳಬೇಕು, ಕೈ ಜಾರಿದರೆ ಪೆಟ್ಟು ಅದಕ್ಕೆ ಬೀಳಲಿ ಅಂತ. ಭದ್ರಾವತಿಯಲ್ಲಿ ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಕಲಿತ ಪಾಠ. ನೀನು ಕೂರಿಸಲಿಲ್ಲ. ಇನ್‌ಟೇಕ್ ಸೀಟಿಗೆ ಗೀರು ಬಿದ್ದಿದೆ. ವಾಲ್ವ್ ಮುಚ್ಚಿದರೂ ಅಲ್ಲಿಂದ ಗಾಳಿ ಸೋರುತ್ತದೆ, ಗಾಡಿ ಮೂರು ಜನ್ಮಕ್ಕೂ ಸ್ಟಾರ್ಟ್ ಆಗುವುದಿಲ್ಲ. ಐವತ್ತೈದನೇ ಇಸವಿಯ ಇಂಗ್ಲಿಷ್ ಗಾಡಿ, ಇನ್ನೊಂದು ಹೆಡ್ಡು ಎಲ್ಲಿಂದ ತರುತ್ತೀ? ಇದರಲ್ಲೇ ದುರ್ಗಮ್ಮನ ಬೆಟ್ಟದ ಘಾಟಿ ಹತ್ತಿಸುತ್ತೇನೆಂದು ಆಫೀಸಿನಲ್ಲೆಲ್ಲ ಜಂಬ ಬೇರೆ.

"ನೀನೇ ಸರಿಮಾಡಿ ಕೊಡು ಅಣ್ಣ, ಇಲ್ಲದಿದ್ದರೆ ಗಾಡಿಯನ್ನು ಗುಜರಿಗೆ ಹಾಕುತ್ತೇನೆ" ಎಂದು ಕೊನೆಗೆ ಬರೆದಿದ್ದೀಯ. ನಾನು ಮಾಡುವುದಿಲ್ಲ. ಹೈಮಾವತಿ ದಿನಾ ನನ್ನ ತಲೆ ತಿನ್ನುತ್ತಿದ್ದಾಳೆ. "ಊರೋರ ಮಿಷನ್ನೆಲ್ಲ ರಿಪೇರಿ ಮಾಡ್ತೀರ, ತಮ್ಮಂದು ಮಾಡಿಕೊಡಕ್ಕೆ ಏನು ಧಾಡಿ ನಿಮಗೆ?" ಅಂತ. ಧಾಡಿಯೇನಿಲ್ಲ. ಕೆಡಿಸಿದವನೇ ಸರಿಮಾಡಬೇಕು. ಗುಜರಿಗೆ ಹಾಕಿದೆಯೋ, ನನ್ನ ಮನೆಯ ಹೊಸಿಲು ತುಳಿಯಬೇಡ.

ಸಂಕ್ರಾಂತಿಗೆ ರಜೆ ಹಾಕು. ಹೆಡ್ಡು ಇಲ್ಲೇ ಇರಲಿ. ಕಮಲಾಕ್ಷಿಯನ್ನೂ ಕರೆದುಕೊಂಡು ಬಾ, ಅವಳಿಗೆ ನಾಲ್ಕು ದಿನವಾದರೂ ಹಿಟ್ಟಿನಂಥ ಹಿಟ್ಟು ಸಿಗಲಿ. ಇಬ್ಬರೂ ನೂರು ಕಾಲ ಸುಖವಾಗಿರಿ. ನಿನಗೆ ಬುದ್ಧಿ ಬರಲಿ ಎಂದು ಸಿಂಹಾಚಲದ ಅಪ್ಪನಿಗೆ ಹೇಳಿಕೊಂಡಿದ್ದೇನೆ.

ಇಂತಿ ನಿನ್ನ ಅಣ್ಣ,
ಶೇಷಗಿರಿ

ಮರೆತ ಮಾತು: ನೀನು ಬಂದು ನೋಡಿದಾಗ ಹೊಗೆ ಹೋಗುವ ಎಕ್ಸಾಸ್ಟ್ ಸೀಟಿನ ಮೇಲೂ ಒಂದು ಗೀರು ಕಾಣುತ್ತದೆ, ನಿನ್ನದಕ್ಕಿಂತ ಆಳದ್ದು. ಅದು ನಿನ್ನದಲ್ಲ. ಹೋದ ಭಾನುವಾರ ಹೈಮಾವತಿ ದೇವಸ್ಥಾನಕ್ಕೆ ಹೋಗಿದ್ದಾಗ ನಿನ್ನ ಹೆಡ್ಡು ಸರಿಮಾಡೋಣವೆಂದು ಕೂತೆ. ಬಲಗೈ ನಿಲ್ಲಲಿಲ್ಲ ದಿನೂ. ಯುಗಾದಿಯಿಂದ ನಡುಗುತ್ತಿದೆ. ಡಾಕ್ಟರು ಇದು ಹೋಗುವ ನಡುಕವಲ್ಲ ಅಂದಿದ್ದಾರೆ. ಉಕ್ಕಿನ ಪ್ಲಾಂಟಿನಲ್ಲಿ ಯಾರಿಗೂ ಹೇಳಿಲ್ಲ, ಅವಳಿಗೂ ಹೇಳಿಲ್ಲ, ಹೇಳಲು ಹೆದರಿಕೆಯಾಗುತ್ತದೆ. ನೀನು ಬಂದು ಗ್ರೈಂಡರ್ ಹಿಡಿ. ನಾನು ಪಕ್ಕದಲ್ಲಿ ಕೂತು ಬೈಯುತ್ತೇನೆ, ಅದೊಂದು ಕೆಲಸ ಇನ್ನೂ ನೆಟ್ಟಗೆ ಬರುತ್ತದೆ.