ಕಟ್ಟೆ ಕಾಯುವವರು ಯಾರೆಂದು ನೀನು ಕೇಳಲಿಲ್ಲ

ಅಪ್ಪಾ,

ನೀನು ಹೊಳೆಯ ಉಪ್ಪುನೀರನ್ನು ತಡೆಯುವ ನಮ್ಮ ಗಜನಿ ಗದ್ದೆಯ ಕಟ್ಟೆಯ ಮೇಲೆ ನಿಂತು ಊರವರಿಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಹೊಳೆಯಂಚಿನ ಗದ್ದೆ ಸರ್ಕಾರಕ್ಕೆ ಕೊಡ್ವ. ಉಪ್ಪುನೀರಿನ ಕಾಂಡ್ಲಾ ಗಿಡ ಬೆಳೀಲಿ, ಅದ್ರ ಬೇರಲ್ಲಿ ಮೀನು ಮರಿ ಮಾಡ್ಲಿ. ಕಟ್ಟೆ ಅವ್ರೇ ನೋಡ್ಕಣ್ತ್ರು." ತದಡಿ ಹೊಳೆಯ ಈಚೆ ದಡದಲ್ಲಿ ನಿನ್ನ ಮಾತು ತಳ್ಳಿಹಾಕುವವರು ಯಾರಿದ್ದರು? ಮೊದಲ ಸಹಿ ನಿನ್ನದು. ಎರಡನೆಯದು ಪಕ್ಕದ ಮನೆಯ ನಾಗಮ್ಮಕ್ಕನದು.

ಜಾಗ ಕೊಂಡ ದಿನ ಸರ್ಕಾರದವರು ಬೋರ್ಡು ನೆಟ್ಟರು, ನಮ್ಮೂರಿನ ಗಣಪುವನ್ನು ಕಾವಲಿಗೆ ಇಟ್ಟರು. ನೀನು ತೀರಿಕೊಂಡ ಮರುವರ್ಷವೇ ಅವನ ಸಂಬಳ ನಿಂತಿತು. ಕೆಲವು ತಿಂಗಳು ಕಾದ, ಆಮೇಲೆ ಮೀನು ಬೋಟಿನ ಕೆಲಸಕ್ಕೆ ಹೋದ. ಏಡಿ ಕೊರೆದ ತೂತಿಗೆ ಮಣ್ಣು ಮೆತ್ತುವವರಿಲ್ಲ. ಕಳೆದ ಮಳೆಗಾಲ, ಅಮಾವಾಸ್ಯೆಯ ಭರತಕ್ಕೆ ಹೊಳೆ ಉಕ್ಕಿ ಕಟ್ಟೆ ಒಡೆಯಿತು. ಉಪ್ಪುನೀರು ನಾಗಮ್ಮಕ್ಕನ ಉಳಿದ ಗದ್ದೆಗೆ, ಬಾವಿಗೆ ನುಗ್ಗಿತು.

ಕಟ್ಟೆ ಸರಿಮಾಡಿಸಿ ಎಂದು ಕೇಳಲು ಕುಮಟೆಯ ಸರ್ಕಾರಿ ಕಚೇರಿಗೆ ಹೋದಾಗ ಗುಮಾಸ್ತ ಕುರ್ಚಿ ಕೊಟ್ಟು ಕೂರಿಸಿದ. "ಜಾಗ ತಕಣೂಕೆ ಹಣ ಬಂದಿತ್ತು ಅಕ್ಕಾ. ನೋಡ್ಕಣೂಕೆ ಅಂತ ಬರ್ಲೇ ಇಲ್ಲ." ಅವನ ಮೇಲೆ ಸಿಟ್ಟಾಗಿ ಏನು ಪ್ರಯೋಜನ? ಸಹಿ ಹಾಕುವ ದಿನ ಇದನ್ನು ಯಾರೂ ಕೇಳಲಿಲ್ಲವೇ? ನೀನೂ?

ನಾಗಮ್ಮಕ್ಕ ಈಗ ನೀರಿಗೆ ದಿಬ್ಬದ ಮೇಲಿನ ನಮ್ಮ ಬಾವಿಗೆ ಬರುತ್ತಾಳೆ. ಒಂದು ದಿನ ಕೊಡ ಕೆಳಗಿಟ್ಟು ಕೇಳಿದಳು, "ನಿನ್ನಪ್ಪ ಸುಳ್ಳು ಹೇಳೂ ಜನ ಅಲ್ಲ. ಹಂಗಾರೆ ಇದು ಎಂತ ಆತು ತಂಗೀ?" ತುಂಬಿದ ಕೊಡವನ್ನು ಅವಳ ಸೊಂಟಕ್ಕೆ ಎತ್ತಿಟ್ಟೆ, ಅಷ್ಟೇ.

ಹೋದ ವಾರ ಶಾಲೆಯಲ್ಲಿ ಸಭೆ ಸೇರಿತ್ತು. ನಮಗೆ ಉಳಿದ ತುಂಡು ಗದ್ದೆಯನ್ನೂ ಕಾಂಡ್ಲಾ ಬೆಳೆಸಲು ಕೊಡಿ ಎಂದು ಸರ್ಕಾರದವರು ಕೇಳಿದರು. ಊರವರೆಲ್ಲ ನನ್ನ ಮುಖ ನೋಡಿದರು, ಹಿಂದೆ ನಿನ್ನ ಮುಖ ನೋಡುತ್ತಿದ್ದ ಹಾಗೆ. ಎದ್ದು ನಿಂತೆ. "ನನ್ನಪ್ಪ ಒಂದು ಮಾತು ಕೇಳೂಕೆ ಮರ್ತಿದ್ದ. ತಪ್ಪಾತು. ಕಟ್ಟೆಗೆ, ಕಾವಲಿಗೆ ವರ್ಷವರ್ಷ ಹಣ ಎಲ್ಲಿಂದ ಅಂತ ಬರ್ದು ಕೊಡಿ, ಆಮೇಲೆ ಸಹಿ." ಬಂದವರು ಫೈಲು ಮುಚ್ಚಿಕೊಂಡು ಹೋದರು. ಮತ್ತೆ ಬರುತ್ತಾರೋ ಇಲ್ಲವೋ.

ಊರೆದುರು ನಿನ್ನ ತಪ್ಪು ಹೇಳಿದವಳು ನಾನೇ ಅಪ್ಪಾ. ಈ ಸುದ್ದಿ ನಿನಗೆ ಬೇರೆಯವರ ಬಾಯಿಂದ ತಿಳಿಯಬಾರದು ಎಂದು ಬರೆದೆ.

ನಿನ್ನ ಮಗಳು,
ಶಾರದೆ